ಅಗಲ ಪಾದ, ಇಕ್ಕಟ್ಟಿನ ಶೂ

ಭಾನುವಾರ ನಸುಕಿನ ಐದೂವರೆಗೆ ಜಯನಗರದ ಸೌತ್ ಎಂಡ್ ವೃತ್ತದಲ್ಲಿ ನಿಂತರೆ, ಹಿಂಬದಿಗೆ ಕೆಂಪು ದೀಪ ಮಿನುಗಿಸುತ್ತ ಸೈಕಲ್‌ಗಳು ಒಂದರ ಹಿಂದೊಂದು ದಕ್ಷಿಣಕ್ಕೆ ಸಾಗುವುದು ಕಾಣುತ್ತದೆ. ಬನಶಂಕರಿ ದೇವಸ್ಥಾನ ದಾಟಿ ಕನಕಪುರ ರಸ್ತೆ ಹಿಡಿಯುವವರು, ಜೆ.ಪಿ. ನಗರದಿಂದ ಬನ್ನೇರುಘಟ್ಟದ ಕಡೆ ತಿರುಗುವವರು, ಬಿಟಿಎಂ ಬಡಾವಣೆಯಿಂದ ಬಂದು ಜೊತೆಗೂಡುವವರು. ಎರಡು ಗಂಟೆ ಬಿಟ್ಟು ಕಗ್ಗಲಿಪುರದಾಚೆಯ ಯಾವುದಾದರೂ ಚಹಾ ಅಂಗಡಿಯ ಮುಂದೆ ಇದೇ ಸವಾರರು ಸಿಗುತ್ತಾರೆ. ಸೈಕಲನ್ನು ಗೋಡೆಗೆ ಒರಗಿಸಿ ಕಲ್ಲುಬೆಂಚಿನ ಮೇಲೆ ಕೂತವರಲ್ಲಿ ಒಬ್ಬಿಬ್ಬರಾದರೂ ಒಂದು ಕಾಲಿನ ಶೂ ಕಳಚಿ, ಬೆರಳುಗಳ ಬುಡವನ್ನು ಒತ್ತಿ ಒತ್ತಿ ನೀವಿಕೊಳ್ಳುತ್ತಿರುತ್ತಾರೆ. ಕಿರುಬೆರಳು ಜೋಮು ಹಿಡಿದಿದೆ, ಅಂಗಾಲಿಗೆ ಕೆಂಡ ತಾಗಿದಂತಾಗಿದೆ. ಚಹಾ ಮುಗಿದ ಮೇಲೆ ಪಾದವನ್ನು ಮತ್ತೆ ಅದೇ ಶೂಗೆ ತುರುಕಿ ಹೊರಡುತ್ತಾರೆ.

ಹೊಸ ಚಪ್ಪಲಿ ಕಚ್ಚುತ್ತದೆ ಎನ್ನುವುದು ಕನ್ನಡದ ಮನೆಮನೆಯ ಮಾತು. ಒಂದು ವಾರ ಕಚ್ಚುತ್ತದೆ, ಆಮೇಲೆ ಚರ್ಮ ಮೆತ್ತಗಾಗಿ ಕಾಲಿನ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ. ಪೆಡಲ್‌ಗೆ ಸಿಕ್ಕಿಸುವ ಸೈಕಲ್ ಶೂ ಹಾಗಲ್ಲ. ಅದರ ಅಟ್ಟೆ ಗಟ್ಟಿ ನೈಲಾನ್ ಅಥವಾ ಕಾರ್ಬನ್ ನಾರಿನದು. ಬಾಗದಿರುವುದೇ ಅದರ ಗುಣ. ಮೊದಲ ದಿನ ಇಕ್ಕಟ್ಟಾದ ಅಟ್ಟೆ ಸಾವಿರ ಕಿಲೊಮೀಟರ್ ಕಳೆದರೂ ಅಷ್ಟೇ ಇಕ್ಕಟ್ಟು. ಆದರೂ ಸವಾರರು ದೂರುವುದು ತಮ್ಮ ಪಾದವನ್ನೇ: ‘ನನ್ನ ಕಾಲೇ ಸರಿಯಿಲ್ಲ, ಸ್ವಲ್ಪ ಅಗಲ.’ ದೂರಬೇಕಾದದ್ದು ಆ ಪಾದವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಅಳತೆಯನ್ನು.

ಕ್ಲಿಪ್‌ಲೆಸ್ ಎಂಬ ಹೆಸರು ಹೊಸಬರನ್ನು ಮೊದಲ ದಿನವೇ ಗೊಂದಲಕ್ಕೆ ಕೆಡವುತ್ತದೆ. ಶೂ ಹೋಗಿ ‘ಟಕ್’ ಎಂದು ಪೆಡಲ್‌ಗೆ ಕಚ್ಚಿಕೊಳ್ಳುವ ವ್ಯವಸ್ಥೆಗೆ ಕ್ಲಿಪ್ ಇಲ್ಲದ್ದು ಎಂಬ ಹೆಸರೇಕೆ? ಹಿಂದೆ ಪಂದ್ಯದ ಸೈಕಲ್‌ಗಳ ಪೆಡಲ್ ಮೇಲೆ ಲೋಹದ ಪಂಜರವೊಂದಿರುತ್ತಿತ್ತು. ಪಾದವನ್ನು ಅದರೊಳಗೆ ತೂರಿಸಿ ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು. ಆ ಪಂಜರದ ಹೆಸರು ಟೋ ಕ್ಲಿಪ್. ಪಂಜರವನ್ನು ಕಿತ್ತೊಗೆದ ಪೆಡಲ್ ಕ್ಲಿಪ್‌ಲೆಸ್ ಆಯಿತು. ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳಿಗೆ ಬೂಟು ಸಿಕ್ಕಿಸುವ ಸಾಧನ ತಯಾರಿಸುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಅದೇ ತಂತ್ರವನ್ನು ಪೆಡಲ್‌ಗೆ ತಂದಿತು. ಮರುವರ್ಷ ಬರ್ನಾರ್ ಇನೋ ಆ ಪೆಡಲ್‌ಗಳನ್ನು ತುಳಿದೇ ಟೂರ್ ಡಿ ಫ್ರಾನ್ಸ್ ಗೆದ್ದರು. 1990ರಲ್ಲಿ ಜಪಾನಿನ ಶಿಮಾನೊ ಕಂಪನಿ ಬೆಟ್ಟಗುಡ್ಡದ ಸವಾರಿಗೆಂದು ಎಸ್‌ಪಿಡಿ ಎಂಬ ಪೆಡಲನ್ನು, ಅದಕ್ಕೆ ಕಚ್ಚಿಕೊಳ್ಳಲು ಶೂವಿನ ಅಡಿಗೆ ಕೂರಿಸುವ ಪುಟ್ಟ ಲೋಹದ ಕ್ಲೀಟ್ ಸಮೇತ ಬಿಡುಗಡೆ ಮಾಡಿತು. ಇಂದು ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವ ಶೂಗಳು ಈ ಎರಡು ಕವಲುಗಳವು. ಅಡಿಯಲ್ಲಿ ಮೂರು ಬೋಲ್ಟಿನ ದೊಡ್ಡ ಪ್ಲಾಸ್ಟಿಕ್ ಕ್ಲೀಟ್ ಹೊತ್ತ ರೋಡ್ ಶೂ ಒಂದು. ಎರಡು ಬೋಲ್ಟಿನ ಸಣ್ಣ ಲೋಹದ ಕ್ಲೀಟನ್ನು ರಬ್ಬರ್ ಅಟ್ಟೆಯ ಗುಳಿಯೊಳಗೆ ಅಡಗಿಸಿಕೊಂಡ ಶೂ ಇನ್ನೊಂದು.

ಎರಡೂ ಹುಟ್ಟಿದ್ದು ಬೇರೆ ನಾಡಿನ ಪಾದಗಳಿಗಾಗಿ.

ತೊಡುವ ಪಾದರಕ್ಷೆಗೆ ತಕ್ಕಂತೆ ಪಾದವೂ ಬೇರೆಯಾಗುತ್ತದೆ ಎಂಬುದಕ್ಕೆ ಪುರಾವೆ ನಮ್ಮ ರಾಜ್ಯದಲ್ಲೇ ಮೂರು ದಶಕದಿಂದ ಇದೆ. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮೂಳೆತಜ್ಞರಾದ ಯು.ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಪರೀಕ್ಷಿಸಿ 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾದರಕ್ಷೆ ತೊಡುವ ಮಕ್ಕಳಲ್ಲಿ ಚಪ್ಪಟೆ ಪಾದದ ಪ್ರಮಾಣ ಶೇ 8.6 ಇದ್ದರೆ, ಬರಿಗಾಲಲ್ಲಿ ಓಡಾಡುವವರಲ್ಲಿ ಶೇ 2.8 ಮಾತ್ರ. ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಈ ತೊಂದರೆ ಅತಿ ಹೆಚ್ಚು. ಚಪ್ಪಲಿ, ಸ್ಯಾಂಡಲ್ ಮೆಟ್ಟುವವರಲ್ಲಿ ಅದಕ್ಕಿಂತ ಕಡಿಮೆ. ಎಳವೆಯಲ್ಲಿ ಪಾದ ಹೇಗೆ ಬೆಳೆಯುತ್ತದೆ ಎಂಬುದನ್ನು ಅದಕ್ಕೆ ತೊಡಿಸಿದ್ದೂ ತೀರ್ಮಾನಿಸುತ್ತದೆ ಎಂದು ಈ ಅಧ್ಯಯನ ಜಗತ್ತಿಗೆ ತೋರಿಸಿತು.

2009ರಲ್ಲಿ ಬೆಲ್ಜಿಯಂ ಸಂಶೋಧಕರ ತಂಡವೊಂದು ಬರಿಗಾಲಲ್ಲೇ ಬದುಕು ಸವೆಸಿದ 70 ಭಾರತೀಯರನ್ನು, ಪಾದರಕ್ಷೆ ತೊಡುವ 137 ಭಾರತೀಯರನ್ನು ಮತ್ತು 48 ಪಾಶ್ಚಾತ್ಯರನ್ನು ಹೋಲಿಸಿ ನೋಡಿತು. ಪಾಶ್ಚಾತ್ಯರ ಪಾದ ಹೋಲಿಕೆಯಲ್ಲಿ ಗಿಡ್ಡ ಮತ್ತು ಸಪೂರ. ಬರಿಗಾಲಿನವರ ಪಾದ ಅಗಲ. ನಡೆಯುವಾಗ ದೇಹದ ಭಾರ ಆ ಅಗಲದ ತುಂಬ ಸಮನಾಗಿ ಹರಡಿಕೊಳ್ಳುತ್ತಿತ್ತು. ಮನೆಯೊಳಗೆ ಬರಿಗಾಲು, ಅಂಗಳಕ್ಕೆ ಹವಾಯಿ ಚಪ್ಪಲಿ, ದೇವಸ್ಥಾನದ ಬಾಗಿಲಲ್ಲಿ ಮತ್ತೆ ಬರಿಗಾಲು. ಹೀಗೆ ಬೆಳೆದವರ ಬೆರಳುಗಳು ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ. ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ಇರುವ ನಲವತ್ತರ ಸಾಫ್ಟ್‌ವೇರ್ ಉದ್ಯೋಗಿಯ ಬಾಲ್ಯ ಹಾಸನದಲ್ಲೋ ಸಿರಸಿಯಲ್ಲೋ ಹೀಗೇ ಕಳೆದಿರಬಹುದು. ಆ ಪಾದ ಈಗ ಇಟಲಿಯ ಅಚ್ಚಿನ ಶೂ ಹೊಕ್ಕಿದೆ.

ದೇಶಕ್ಕೊಂದು ಸ್ವಂತ ಅಳತೆ ಬೇಕೆಂಬ ಎಚ್ಚರ ತಡವಾಗಿಯಾದರೂ ಮೂಡಿದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ 1,01,880 ಜನರ ಪಾದಗಳ ಅಳತೆ ತೆಗೆಯಿತು. ಭಾರತೀಯರ ಪಾದ ಯುರೋಪ್ ಮತ್ತು ಅಮೆರಿಕದವರ ಪಾದಕ್ಕಿಂತ ಅಗಲ ಎಂಬುದು ಅದರ ಮುಖ್ಯ ತೀರ್ಮಾನ. ಬ್ರಿಟಿಷರು ಬಿಟ್ಟುಹೋದ ಅಳತೆಯ ಬದಲಿಗೆ ‘ಭ’ ಎಂಬ ಹೆಸರಿನ, ಎಂಟು ವರ್ಗಗಳ ಹೊಸ ಅಳತೆ ಪದ್ಧತಿಯನ್ನು ಸಂಸ್ಥೆ ಸೂಚಿಸಿತು. ಸಮೀಕ್ಷೆಯಲ್ಲಿ ಎದ್ದು ಕಂಡ ಇನ್ನೊಂದು ಸಂಗತಿಯೂ ಇದೆ: ಅಗಲ ಸಾಲದ್ದಕ್ಕೆ ಉದ್ದದ ಸೈಜು ಹೆಚ್ಚಿಸಿಕೊಂಡು ಕಾಲಿಗಿಂತ ದೊಡ್ಡ ಪಾದರಕ್ಷೆ ತೊಡುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ.

ಸೈಕಲ್ ಶೂ ಕೊಳ್ಳುವವರನ್ನು ಹಳ್ಳಕ್ಕೆ ಕೆಡವುವುದು ಈ ಅಭ್ಯಾಸವೇ. ಯುರೋಪಿನ ಅಳತೆಯಲ್ಲಿ ಒಂದು ಸೈಜು ಎಂದರೆ ಸೆಂಟಿಮೀಟರಿನ ಮೂರನೇ ಎರಡು ಭಾಗ, ಅಂದರೆ 6.67 ಮಿಲಿಮೀಟರ್. ಇಂಗ್ಲಿಷ್ ಅಳತೆಯಲ್ಲಿ ಇಂಚಿನ ಮೂರನೇ ಒಂದು ಭಾಗ, 8.46 ಮಿಲಿಮೀಟರ್. ಎರಡೂ ಲೆಕ್ಕ ಹಾಕುವುದು ಉದ್ದವನ್ನು. ಶಿಮಾನೊ ಪಟ್ಟಿಯಲ್ಲಿ 42ನೇ ಸೈಜು 26.5 ಸೆಂಟಿಮೀಟರ್ ಪಾದಕ್ಕೆ, 43 ಎಂದರೆ 27.2ಕ್ಕೆ. 26.5 ಸೆಂಟಿಮೀಟರಿನ ಅಗಲ ಪಾದದವರೊಬ್ಬರು ಬದಿಯ ಒತ್ತಡ ತಾಳದೆ 43 ಕೊಂಡರೆ, ಉದ್ದದಲ್ಲಿ ಏಳು ಮಿಲಿಮೀಟರ್ ಖಾಲಿ ಜಾಗ ಸಿಗುತ್ತದೆ. ಅಗಲದಲ್ಲಿ ಸಿಗುವುದು ಹೆಚ್ಚೆಂದರೆ ಒಂದೆರಡು. ಬೆರಳ ಮುಂದೆ ಬೇಡದ ಜಾಗ ಉಳಿಯಿತು, ಹಿಮ್ಮಡಿ ಏಳತೊಡಗಿತು, ಅದನ್ನು ಹಿಡಿದಿಡಲು ಶೂ ಬಿಗಿಯುವ ಡಯಲ್ ಇನ್ನೂ ಬಿಗಿಯಾಯಿತು, ಒತ್ತಡ ಮತ್ತೆ ಬೆರಳ ಬುಡಕ್ಕೇ ಬಂತು. ಮೇಲಾಗಿ ಕ್ಲೀಟ್ ಕೂರಿಸುವ ತೂತುಗಳು ಅಟ್ಟೆಯಲ್ಲಿ ಹೆಚ್ಚುಕಡಿಮೆ ಒಂದೇ ಕಡೆ ಇರುತ್ತವೆ. ಶೂ ಉದ್ದವಾದಷ್ಟೂ ಕ್ಲೀಟ್ ಬೆರಳುಗಳ ಕಡೆಗೆ ಸರಿಯುತ್ತದೆ. ಆಗ ಮೀನಖಂಡಕ್ಕೂ ಅಂಗಾಲಿಗೂ ದುಡಿಮೆ ಹೆಚ್ಚು.

ಈ ದುಡಿಮೆ ಎಷ್ಟು ಎಂಬುದನ್ನು ಕೈಲೆಕ್ಕದಲ್ಲೇ ತಿಳಿಯಬಹುದು. ನಿಮಿಷಕ್ಕೆ 80 ಸುತ್ತು ತುಳಿಯುವವರು ಎಂಟು ಗಂಟೆಯಲ್ಲಿ ಒಂದೊಂದು ಪಾದವನ್ನೂ 38,400 ಬಾರಿ ಒತ್ತುತ್ತಾರೆ. ನಗರದಲ್ಲಿ ಸಾಕಷ್ಟು ಜನ ಪಾಲ್ಗೊಳ್ಳುವ ಬ್ರೆವೆ ಎಂಬ ದೂರದ ಸವಾರಿಗಳಲ್ಲಿ 200 ಕಿಲೊಮೀಟರ್ ಮುಗಿಸಲು ಇರುವ ಅವಧಿ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ. ಬಿಸಿಲು ಏರಿದಂತೆ ಪಾದ ಊದುತ್ತದೆ. ಬೆರಳುಗಳ ಬುಡದ ಮೂಳೆಗಳ ನಡುವೆ ಹಾದುಹೋಗುವ ನರಗಳು ಇಕ್ಕಟ್ಟಿಗೆ ಸಿಕ್ಕಿ ಮೊದಲು ಜುಮುಗುಡುತ್ತವೆ, ಆಮೇಲೆ ಉರಿಯುತ್ತವೆ, ಕೊನೆಗೆ ಮರಗಟ್ಟುತ್ತವೆ. ಸವಾರರು ಹಾಟ್ ಸ್ಪಾಟ್ ಎನ್ನುವುದು ಇದಕ್ಕೇ. ಇದನ್ನು ಛಲ, ಸಹನೆ ಎಂದು ಹೊಗಳುವವರಿದ್ದಾರೆ. ನರ ಹಿಸುಕಿಸಿಕೊಳ್ಳುವುದರಲ್ಲಿ ಛಲದ ಮಾತೇ ಬರುವುದಿಲ್ಲ. ಅದು ದೇಹ ಕೊಡುವ ಎಚ್ಚರಿಕೆ. ಕಡೆಗಣಿಸಿದರೆ ಸವಾರಿಯನ್ನೇ ನಿಲ್ಲಿಸಬೇಕಾಗುತ್ತದೆ.

ಪಾದದ ಮಾತು ಹೀಗಾದರೆ, ಊರಿನ ಮಾತೂ ಇದೆ. ಯುರೋಪಿನ ಪಂದ್ಯದ ಸವಾರ ಬಸ್ಸಿನಿಂದ ಇಳಿದು ಸೈಕಲ್ ಹತ್ತಿದರೆ ಮತ್ತೆ ನೆಲಕ್ಕೆ ಕಾಲಿಡುವುದು ಪಂದ್ಯ ಮುಗಿದ ಮೇಲೆ. ದಕ್ಷಿಣ ಬೆಂಗಳೂರಿನ ಸವಾರರಿಗೆ ಆ ಭಾಗ್ಯವಿಲ್ಲ. ಬನಶಂಕರಿ ಬಸ್ ನಿಲ್ದಾಣದ ಸಿಗ್ನಲ್, ಸಿಲ್ಕ್ ಬೋರ್ಡ್ ಕೂಡುರಸ್ತೆ, ಅಗೆದು ಬಿಟ್ಟ ಅಡ್ಡರಸ್ತೆ, ಎದುರಿಂದ ತಪ್ಪು ದಿಕ್ಕಿನಲ್ಲಿ ಬರುವ ಸ್ಕೂಟರ್, ಹೀಗೆ ಹೆಜ್ಜೆಗೊಮ್ಮೆ ಕ್ಲೀಟ್ ಬಿಚ್ಚಬೇಕು. ಜಯನಗರದಲ್ಲಿ 2012ರಲ್ಲಿ ಗುರುತು ಹಾಕಿದ ಸೈಕಲ್ ಪಥಗಳ ಮೇಲೆ ಕಾರುಗಳು ನಿಂತುಬಿಟ್ಟವು. ಹೊಸಬರು ಬೀಳುವುದು ವೇಗದಲ್ಲಲ್ಲ. ಸಿಗ್ನಲ್‌ನಲ್ಲಿ ಸೈಕಲ್ ನಿಂತ ಮೇಲೆ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಲು ಮರೆತಾಗ. ಪಕ್ಕದಲ್ಲೇ ಬಿಎಂಟಿಸಿ ಬಸ್ಸಿದ್ದರೆ ಆ ಬೀಳುವಿಕೆ ಪ್ರಾಣಕ್ಕೇ ಎರವಾದೀತು.

ಇಳಿದ ಮೇಲೆ ನಡೆಯುವುದೂ ಇದೆ. ಊಟ ತಿಂಡಿಯನ್ನು ನಿಂತುಕೊಂಡೇ ಮುಗಿಸುವ ದರ್ಶಿನಿ ಪದ್ಧತಿ ಶುರುವಾದದ್ದು 1983ರಲ್ಲಿ, ಇದೇ ಜಯನಗರದಲ್ಲಿ. ಭಾನುವಾರದ ಸವಾರಿ ಮುಗಿಯುವುದು ಇಡ್ಲಿ ತಟ್ಟೆಯ ಮುಂದೆಯೇ. ಕೆಲವರದು ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ದೋಸೆಯ ಮುಂದೆ. ಒದ್ದೆ ನೆಲ, ನಯವಾದ ಕಲ್ಲು, ಕೈಯಲ್ಲಿ ಬಿಸಿ ಕಾಫಿ. ಮೂರು ಬೋಲ್ಟಿನ ರೋಡ್ ಶೂ ತೊಟ್ಟವರು ಹಿಮ್ಮಡಿಯ ಮೇಲೆ ಭಾರ ಬಿಟ್ಟು, ಮುಂಗಾಲು ಮೇಲೆತ್ತಿ ಹೆಜ್ಜೆ ಇಡುತ್ತಾರೆ. ಕಲ್ಲುಚಪ್ಪಡಿಯ ಫುಟ್‌ಪಾತ್ ಮೇಲೆ ಹೀಗೆ ಓಡಾಡಿದರೆ ಪ್ಲಾಸ್ಟಿಕ್ ಕ್ಲೀಟ್ ಬೇಗ ಸವೆಯುತ್ತದೆ. ಸವೆದ ಕ್ಲೀಟ್ ಪೆಡಲಿನಲ್ಲಿ ಅಲುಗಾಡುತ್ತದೆ, ಬೇಡದ ಹೊತ್ತಿನಲ್ಲಿ ಬಿಚ್ಚಿಕೊಳ್ಳುತ್ತದೆ. ಲೋಹದ ಕ್ಲೀಟ್ ಗುಳಿಯೊಳಗಿದ್ದರೆ ನೆಲಕ್ಕೆ ತಾಗುವುದು ರಬ್ಬರ್. ಆ ಶೂ ತೊಟ್ಟು ಮೆಟ್ರೊ ಮೆಟ್ಟಿಲು ಹತ್ತಬಹುದು, ಪಂಕ್ಚರ್ ಆದರೆ ಸೈಕಲ್ ತಳ್ಳಿಕೊಂಡು ನಡೆಯಬಹುದು, ತುರಹಳ್ಳಿಯ ಕಲ್ಲುಹಾಸಿನ ಮೇಲೂ ಕಾಲೂರಬಹುದು.

ಈ ಊರಿನಲ್ಲಿ ಮೊದಲ ಸಲ ಕ್ಲೀಟ್ ಶೂ ಕೊಳ್ಳುವವರಿಗೆ ಎರಡು ಬೋಲ್ಟಿನದೇ ಸರಿಯಾದ ಆಯ್ಕೆ. ಜೊತೆಗೆ ಕ್ಲೀಟಿನಲ್ಲೂ ಒಂದು ವಿವೇಚನೆ ಬೇಕು. ಶಿಮಾನೊ ಪೆಡಲ್ ಜೊತೆಗೆ ಸಾಮಾನ್ಯವಾಗಿ ಬರುವ ಎಸ್‌ಎಚ್51 ಕ್ಲೀಟ್ ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದರಷ್ಟೇ ಬಿಡುತ್ತದೆ. ಎಸ್‌ಎಚ್56 ಬೇರೆ ಕೋನಗಳಲ್ಲಿ ಎಳೆದರೂ ಬಿಡುತ್ತದೆ. ಗಾಬರಿಯಲ್ಲಿ ಕಾಲು ಕಿತ್ತುಕೊಳ್ಳುವ ಹೊಸಬರಿಗೆ ಇದೇ ಒಳ್ಳೆಯದು. ಪೆಡಲಿನ ಸ್ಪ್ರಿಂಗ್ ಬಿಗಿತವನ್ನು ಪುಟ್ಟ ಸ್ಕ್ರೂ ತಿರುಗಿಸಿ ಕನಿಷ್ಠಕ್ಕೆ ಇಳಿಸಿಕೊಂಡು, ಮನೆಯ ಗೋಡೆ ಹಿಡಿದು ಹತ್ತಾರು ಬಾರಿ ಸಿಕ್ಕಿಸಿ ಬಿಚ್ಚಿ ರೂಢಿ ಮಾಡಿಕೊಂಡ ನಂತರ ರಸ್ತೆಗೆ ಇಳಿಯುವುದು ಕ್ಷೇಮ.

ಅಳತೆ ತೆಗೆಯುವ ಕ್ರಮ ಸರಳ. ಸಂಜೆ, ಪಾದ ಊದಿಕೊಂಡ ಹೊತ್ತಿನಲ್ಲಿ, ಸವಾರಿಗೆ ಹಾಕುವ ಕಾಲುಚೀಲವನ್ನೇ ತೊಟ್ಟು ಬಿಳಿ ಹಾಳೆಯ ಮೇಲೆ ನಿಲ್ಲಬೇಕು. ಕೂತರೆ ಪಾದ ಹರಡಿಕೊಳ್ಳುವುದಿಲ್ಲ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಎರಡೂ ಪಾದಗಳ ಸುತ್ತ ಗೆರೆ ಎಳೆದು ಉದ್ದವನ್ನೂ, ಹೆಬ್ಬೆರಳಿನ ಬುಡದಿಂದ ಕಿರುಬೆರಳಿನ ಬುಡದವರೆಗಿನ ಅಗಲವನ್ನೂ ಮಿಲಿಮೀಟರಿನಲ್ಲಿ ಬರೆದುಕೊಳ್ಳಬೇಕು. ಎರಡು ಪಾದ ಒಂದೇ ಸಮ ಇರುವುದು ಅಪರೂಪ, ದೊಡ್ಡದೇ ಪ್ರಮಾಣ. ಅಂಗಡಿಯಲ್ಲಿ ಶೂವಿನ ಒಳಹಾಸು ತೆಗೆದು ಅದರ ಮೇಲೆ ನಿಂತು ನೋಡಬೇಕು. ಕಿರುಬೆರಳು ಹಾಸಿನ ಅಂಚು ದಾಟಿ ಹೊರಗೆ ಬಂತೆಂದರೆ ಆ ಜೋಡಿ ಎಷ್ಟೇ ಚೆಂದವಿದ್ದರೂ ಕೆಳಗಿಡಬೇಕು. ತೊಟ್ಟು ನೋಡಿದಾಗ ಹಿಮ್ಮಡಿ ಅಲುಗಬಾರದು, ಬೆರಳುಗಳು ಒಂದನ್ನೊಂದು ಒತ್ತದೆ ಆಡಬೇಕು. ಕೆಲವು ಕಂಪನಿಗಳು ಒಂದೇ ಉದ್ದಕ್ಕೆ ವೈಡ್ ಎಂಬ ಅಗಲದ ಅಚ್ಚನ್ನೂ ತಯಾರಿಸುತ್ತವೆ. ಶಿಮಾನೊದ ಕೆಲವು ಮಾದರಿಗಳಲ್ಲಿ ಅದಿದೆ. ಅಮೆರಿಕದ ಲೇಕ್ ಕಂಪನಿ ಅಗಲದ ಶೂಗಳಿಗೇ ಹೆಸರಾದದ್ದು. ಕೇಳಿ ತರಿಸಿಕೊಳ್ಳುವುದು ಗ್ರಾಹಕರ ಹಕ್ಕು.

ಇಷ್ಟಾದರೂ ನೋವು ಉಳಿದರೆ ಕ್ಲೀಟನ್ನು ಅದರ ಸೀಳಿನಲ್ಲಿ ಕೆಲವು ಮಿಲಿಮೀಟರ್ ಹಿಮ್ಮಡಿಯ ಕಡೆ ಸರಿಸಬೇಕು. ಮುಂಗಾಲಿನ ಮೇಲಿನ ಒತ್ತಡ ತಕ್ಷಣ ತಗ್ಗುತ್ತದೆ. ಮಂಡಿ ನೋವು ಬಂದರೆ ಕ್ಲೀಟಿನ ಕೋನ ತಪ್ಪಿದೆಯೇ ಎಂದು ಮೊದಲು ನೋಡಬೇಕು. ಇದಕ್ಕೆಲ್ಲ ಬೇಕಿರುವುದು ಒಂದು ಅಲೆನ್ ಕೀ, ಒಂದಿಷ್ಟು ತಾಳ್ಮೆ.

ಈ ಮಾತಿಗೆ ಎದುರು ಮಾತೂ ಉಂಟು. ಇಕ್ಕಟ್ಟಿನ ಶೂ ಎಂದರೆ ಬಿಗಿಯಾದ ಹಿಡಿತ, ಹಿಡಿತ ಇದ್ದರೆ ಕಾಲಿನ ಶಕ್ತಿ ಸೋರದೆ ಚಕ್ರಕ್ಕೆ ಸೇರುತ್ತದೆ ಎಂಬ ನಂಬಿಕೆ ಸವಾರರ ಗುಂಪುಗಳಲ್ಲಿ ಗಟ್ಟಿಯಾಗಿದೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಆಶರ್ ಸ್ಟ್ರಾ ಮತ್ತು ರಾಜರ್ ಕ್ರಾಮ್ 2016ರಲ್ಲಿ, ಪೆಡಲ್ ಮೇಲಿನ ಹಿಡಿತ ಮತ್ತು ಗಡಸು ಅಟ್ಟೆಯಿಂದ ಶಕ್ತಿ ಉಳಿಯುತ್ತದೆಯೇ ಎಂಬುದನ್ನು ಪ್ರಯೋಗಕ್ಕೆ ಒಡ್ಡಿದರು. ಹವ್ಯಾಸಿ ಸವಾರರನ್ನು ಓಟದ ಶೂ ಹಾಕಿಸಿ ಸಾದಾ ಪೆಡಲ್ ಮೇಲೆ, ಟೋ ಕ್ಲಿಪ್ ಕಟ್ಟಿ, ಕೊನೆಗೆ ಗಡಸು ಅಟ್ಟೆಯ ಕ್ಲಿಪ್‌ಲೆಸ್ ಶೂ ಹಾಕಿಸಿ ತುಳಿಸಿದರು. 50ರಿಂದ 150 ವಾಟ್‌ವರೆಗಿನ ಹದವಾದ ಸವಾರಿಯಲ್ಲಿ ದೇಹ ಖರ್ಚು ಮಾಡಿದ ಶಕ್ತಿ ಮೂರರಲ್ಲೂ ಒಂದೇ. ಪಂದ್ಯದ ಕೊನೆಯ ಓಟದಲ್ಲಿ, ಕಡಿದಾದ ಏರಿನಲ್ಲಿ ಎದ್ದು ನಿಂತು ತುಳಿಯುವಾಗ, ಮಳೆಯಲ್ಲಿ ಪಾದ ಜಾರದಂತೆ ನಿಲ್ಲಬೇಕಾದಾಗ ಕ್ಲೀಟಿನ ಬೆಲೆ ದೊಡ್ಡದೇ. ಆದರೆ ಬಿಟಿಎಂನಿಂದ ಕಚೇರಿಗೆ, ಬನಶಂಕರಿಯಿಂದ ಕಾಲೇಜಿಗೆ ಹೋಗುವವರು ಕ್ಲೀಟ್ ಇಲ್ಲದೆ ಕಳೆದುಕೊಳ್ಳುವುದು ಏನೂ ಇಲ್ಲ. ಕ್ಲೀಟ್ ಹಾಕದವರು ‘ಸೀರಿಯಸ್’ ಸವಾರರಲ್ಲ ಎಂಬ ಮಾತು ಗುಂಪುಗಳಲ್ಲಿ ನಿಲ್ಲಬೇಕು. ಆ ಮಾತಿಗೆ ಅಂಜಿಯೇ ಎಷ್ಟೋ ಜನ ತಮ್ಮದಲ್ಲದ ಅಳತೆಯ ಶೂ ಕೊಳ್ಳುತ್ತಾರೆ.

ಹಾಗಾದರೆ ಯಾರು ಏನು ಮಾಡಬೇಕು? ಮೊದಲ ಹೆಜ್ಜೆ ಅಂಗಡಿಗಳದು. ಈ ಭಾಗಕ್ಕೆ ಸೈಕಲ್ ಸಂಸ್ಕೃತಿಯೊಂದು ಬಂದಿರುವುದೇ ಜಯನಗರದ ಬಮ್ಸ್ ಆನ್ ದ ಸ್ಯಾಡಲ್‌ನಂಥ, ಸವಾರರೇ ಕಟ್ಟಿದ ಅಂಗಡಿಗಳಿಂದ. ಸೈಕಲ್ಲಿನ ಚೌಕಟ್ಟು ಸವಾರರ ಎತ್ತರಕ್ಕೆ ಹೊಂದುತ್ತದೆಯೇ ಎಂದು ಅಳೆಯುವ ಶಿಸ್ತು ಇಂದು ಊರಿಗೆ ಬಂದಿದೆ. ಅದೇ ಶಿಸ್ತು ಪಾದಕ್ಕೂ ಬರಬೇಕು. ‘ನಿಮ್ಮ ಸೈಜು ಎಷ್ಟು?’ ಎಂಬ ಪ್ರಶ್ನೆಗೆ ಬದಲು ‘ಇಲ್ಲಿ ನಿಲ್ಲಿ, ಅಳತೆ ತೆಗೆಯೋಣ’ ಎಂಬ ಮಾತು ಕೇಳಿಸಬೇಕು. ಕಟ್ಟಿಹಾಕಿದ ಸೈಕಲ್ ಮೇಲೆ ಹತ್ತು ನಿಮಿಷ ತುಳಿದು ನೋಡಲು ಬಿಡಬೇಕು, ಅಗಲದ ಅಚ್ಚಿನ ಜೋಡಿಗಳನ್ನು ಕಪಾಟಿನಲ್ಲಿ ಇಡಬೇಕು.

ಎರಡನೆಯದು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. 2,500 ರೂಪಾಯಿವರೆಗಿನ ಪಾದರಕ್ಷೆಗೂ ಶೇ 5. ಅದಕ್ಕಿಂತ ದುಬಾರಿಯಾದದ್ದಕ್ಕೆ ಶೇ 18. ಕಾಲಿಗೆ ಹೊಂದುವ ಕ್ಲೀಟ್ ಶೂ ಆ ಮಿತಿಯೊಳಗೆ ಸಿಗುವುದು ಕಷ್ಟ. ಸೈಕಲನ್ನು ಆರೋಗ್ಯದ, ಪರಿಸರದ ವಾಹನವೆಂದು ಮನ್ನಿಸಿದ ಸರ್ಕಾರ ಅದನ್ನು ತುಳಿಯುವ ಪಾದವನ್ನೂ ಅದೇ ಲೆಕ್ಕಕ್ಕೆ ಸೇರಿಸಬೇಕು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಈ ಶೂ ಇಲ್ಲೇ ಯಾಕೆ ತಯಾರಾಗಬಾರದು? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರಿಗೆಂದು ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ಮೈಯ ಚರ್ಮದಿಂದಲೇ ಪಾದರಕ್ಷೆ ಮಾಡಿದರೆಂದು ನೆನೆಯುವ ನಾಡು ಇದು. ಇಲ್ಲಿ ಪಾದರಕ್ಷೆ ಮಾಡುವ ಕೈಗಳಿಗೆ ಕೊರತೆಯಿಲ್ಲ. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಮಾಡುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ವಿನ್ಯಾಸವನ್ನು ಮಿಲಾನ್ ವೇದಿಕೆಗೆ ಏರಿಸಿ, ಮೂಲವನ್ನು ಹೇಳದ್ದಕ್ಕೆ ಟೀಕೆಗೆ ಗುರಿಯಾಯಿತು. ಕರ್ನಾಟಕದಲ್ಲಿ 1976ರಿಂದ ಚರ್ಮ ಕೈಗಾರಿಕೆಗಳ ಅಭಿವೃದ್ಧಿಗೆಂದೇ ಲಿಡ್ಕರ್ ನಿಗಮವಿದೆ. ಚೆನ್ನೈನ ಸಂಸ್ಥೆಯ ಬಳಿ ಲಕ್ಷಕ್ಕೂ ಹೆಚ್ಚು ಪಾದಗಳ ಅಳತೆಯಿದೆ. ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಅಚ್ಚುಹಾಕುವ ಕಾರ್ಖಾನೆಗಳೂ ಇವೆ, ದೋಷವನ್ನು ಮೊದಲ ಸವಾರಿಯಲ್ಲೇ ಹೇಳಬಲ್ಲ ಸವಾರರೂ ಇದ್ದಾರೆ. ಭಾರತದ ಪಾದದ ಅಚ್ಚಿನ ಮೇಲೆ ಕಟ್ಟಿದ, ಎರಡು ಬೋಲ್ಟಿನ, ಮಳೆಗೆ ಬೇಗ ಒಣಗುವ, ಮಧ್ಯಮ ವರ್ಗದ ಕೈಗೆಟುಕುವ ಒಂದು ಶೂವನ್ನು ಲಿಡ್ಕರ್ ಪ್ರಯೋಗವಾಗಿ ಹೊರತಂದರೆ ಕೊಳ್ಳುವವರು ಮೊದಲ ದಿನವೇ ಸಿಗುತ್ತಾರೆ.

ಅಲ್ಲಿಯವರೆಗೆ ನೆರವಿಗೆ ಬರುವುದು ಬೀದಿ ಬದಿಯ ಚಮ್ಮಾರರ ಕೈ. ಮೇಲ್ಭಾಗ ಚರ್ಮದ್ದಾಗಿದ್ದರೆ ಕಿರುಬೆರಳು ತಾಗುವ ಕಡೆ ಮರದ ಅಚ್ಚು ಕೂರಿಸಿ ತುಸು ಹಿಗ್ಗಿಸಿ ಕೊಡುತ್ತಾರೆ; ಹರಿದ ಪಟ್ಟಿ, ಕಿತ್ತ ಹೊಲಿಗೆ ಸರಿಮಾಡುತ್ತಾರೆ. ಶೂ ಕೈಗೆತ್ತಿಕೊಳ್ಳುವ ಮೊದಲು ಅವರು ನೋಡುವುದು ಕಾಲನ್ನು. ‘ಇಲ್ಲಿ ಒತ್ತುತ್ತಾ?’ ಎಂದು ಬೆರಳಿಟ್ಟು ಕೇಳುತ್ತಾರೆ. ಗಾಜಿನ ಬಾಗಿಲಿನ ಸೈಕಲ್ ಅಂಗಡಿಗಳಲ್ಲೂ ಗ್ರಾಹಕರನ್ನು ಕೇಳಬೇಕಾದ ಮೊದಲ ಪ್ರಶ್ನೆ ಅದೇ.